ಕ್ಲಾರ್ಜೇತಿ ಬೆಟ್ಟದ ಮಠಗಳೂ ಚರ್ಮದ ಕಾಗದಗಳೂ

(ಓದತಕ್ಕ ವೇದಭಾಗಗಳು: 2 ತಿಮೊಥೆಯ 4:9–13; ಮಾರ್ಕ 6:17–20; ಮಾರ್ಕ 16:1–8.)

ಅಪೊಸ್ತಲನಾದ ಪೌಲನು ರೋಮಾಪುರದ ಸೆರೆಯಿಂದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಮೂರು ವಸ್ತುಗಳನ್ನು ತರಹೇಳುತ್ತಾನೆ: ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ, ಪುಸ್ತಕಗಳು, ಅವುಗಳಲ್ಲಿಯೂ ವಿಶೇಷವಾಗಿ ಚರ್ಮದ ಕಾಗದಗಳು. ಚಳಿಗಾಲವು ಸಮೀಪವಾಗಿದ್ದದರಿಂದ ಮೇಲಂಗಿಯನ್ನು ಕೇಳಿದ್ದು ನಮಗೆ ತಿಳಿಯುತ್ತದೆ. ಆದರೆ ತನ್ನ ಓಟವನ್ನು ಮುಗಿಸಿದ್ದೇನೆಂದು ಹೇಳಿದವನಿಗೆ ಚರ್ಮದ ಕಾಗದಗಳಿಂದ ಏನಾಗಬೇಕಾಗಿತ್ತು? ವಾಚಕರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಓದಬೇಕೆಂದು ಬೇಡುತ್ತೇವೆ. ಚಳಿಯನ್ನು ತಾಳಿಕೊಂಡು ಚರ್ಮದ ಕಾಗದಗಳನ್ನೇ ಬಯಸಿದ ಕೆಲವು ಕ್ರೈಸ್ತರ ಸಂಗತಿ ಇದರಲ್ಲಿದೆ.

ಕಪ್ಪು ಸಮುದ್ರದ ಪೂರ್ವ ತೀರಕ್ಕೆ ಸೇರಿದಂತೆ ಜಾರ್ಜಿಯ ಎಂಬ ದೇಶವಿದೆ. (ಅಮೇರಿಕದಲ್ಲಿಯೂ ಇದೇ ಹೆಸರಿನ ಒಂದು ಸಂಸ್ಥಾನವುಂಟು, ಅದು ಬೇರೆ.) ಈ ದೇಶದವರು ನಾಲ್ಕನೆಯ ಶತಮಾನದಲ್ಲಿಯೇ ಕ್ರೈಸ್ತ ಮತವನ್ನು ಅಂಗೀಕರಿಸಿದರು, ಐದನೆಯ ಶತಮಾನದಲ್ಲಿ ಅವರಿಗೆ ಸ್ವಂತ ಲಿಪಿಯಿತ್ತು, ಸುವಾರ್ತೆಯೂ ಅವರ ಭಾಷೆಗೆ ಬರತೊಡಗಿತು. ದೇಶದ ನೈರುತ್ಯ ದಿಕ್ಕಿನಲ್ಲಿ ಚೊರೋಖಿ ನದಿಯು ಬಹಳ ಆಳವಾದ ಕಣಿವೆಗಳನ್ನು ಕೊರೆದುಕೊಂಡು ಸಮುದ್ರಕ್ಕೆ ಇಳಿಯುತ್ತದೆ. ಈ ನದಿಯ ಸುತ್ತಲಿನ ಬೆಟ್ಟಸೀಮೆಗಳಿಗೆ ಕ್ಲಾರ್ಜೇತಿ, ಷವ್‌ಷೇತಿ, ತಾವೋ ಎಂದು ಹಿಂದೆ ಹೆಸರಿತ್ತು. ಈಗ ಅವು ಬಹುಮಟ್ಟಿಗೆ ತುರ್ಕಿ ದೇಶದ ಈಶಾನ್ಯ ಮೂಲೆಗೆ ಸೇರಿವೆ. ಅಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ಬಂಡೆಗಳು, ಅವುಗಳ ನಡುವೆ ಹೊಲ ಮಾಡುವದಕ್ಕೆ ಅಂಗೈಯಷ್ಟು ನೆಲ, ಚಳಿಗಾಲದಲ್ಲಿ ಹಿಮ.

ಎಂಟನೆಯ ಶತಮಾನದಲ್ಲಿ ಈ ಸೀಮೆಯು ಬಹುಮಟ್ಟಿಗೆ ಹಾಳುಬಿದ್ದಿತ್ತು. ಕ್ರಿ. ಶ. 735ರ ಸುಮಾರಿನಲ್ಲಿ ಮರ್ವಾನನೆಂಬ ಅರಬ್ ಸೇನಾಪತಿಯು ದೇಶದ ಮೇಲೆ ದಂಡೆತ್ತಿ ಬಂದು ಕೋಟೆಗಳನ್ನೂ ಊರುಗಳನ್ನೂ ಕೆಡವಿದನು. ಅದರ ಬೆನ್ನಿಗೆ ಬಂದ ಬೇನೆಯಿಂದಲೂ ಜನರು ಸತ್ತರು. ಉಳಿದವರು ಅಲ್ಲಿ ಒಂದು ಮನೆ, ಇಲ್ಲಿ ಒಂದು ಮನೆ ಎಂಬಂತೆ ಚದರಿಹೋದರು. ಇಂಥ ಸ್ಥಳಕ್ಕೆ 782ರ ಸುಮಾರಿನಲ್ಲಿ ನಾಲ್ಕು ಮಂದಿ ಸ್ನೇಹಿತರು ನಡೆದು ಬಂದರು. ಅವರಲ್ಲಿ ಮುಖ್ಯನಾದವನು ಗ್ರಿಗೋರಿ.

ಈತನು 759ರಲ್ಲಿ ಹುಟ್ಟಿ, ನೆರ್ಸೆ ಎಂಬ ಅಧಿಪತಿಯ ಅರಮನೆಯಲ್ಲಿ ಬೆಳೆದವನು. ಚಿಕ್ಕ ವಯಸ್ಸಿನಲ್ಲಿಯೇ ಇವನಿಗೆ ಯಾಜಕೋದ್ಯೋಗ ಕೊಟ್ಟರು. ಮುಂದೆ ಬಿಷಪನನ್ನಾಗಿ ಮಾಡಬೇಕೆಂದೂ ಬಂಧುಗಳು ಯೋಚಿಸಿದ್ದರು. ಗ್ರಿಗೋರಿಯು ಆ ಮಾನಕ್ಕೆ ಹೆದರಿ, ತನ್ನ ಬಂಧುವಾದ ಸಾಬಾ ಮತ್ತು ಥೆಯೊದೋರ, ಕ್ರಿಸ್ತೊಫೋರ ಎಂಬ ಇಬ್ಬರು ಗೆಳೆಯರೊಡನೆ ಊರು ಬಿಟ್ಟು ಹೊರಟನು. ಕ್ಲಾರ್ಜೇತಿಯಲ್ಲಿ ಒಪಿಜಾ ಎಂಬ ಹಳೇ ಮಠದಲ್ಲಿ ಕೆಲವರು ಸಹೋದರರಿದ್ದರು. ಅವರೊಂದಿಗೆ ಸ್ವಲ್ಪ ಕಾಲವಿದ್ದು, ಅಲ್ಲಿಂದ ಖಂಡ್ಜ್ತಾ ಎಂಬ ಇನ್ನೂ ನಿರ್ಜನವಾದ ಸ್ಥಳಕ್ಕೆ ಹೋದರು. ಅಲ್ಲಿ ಒಬ್ಬ ಮುದಿ ತಪಸ್ವಿಯ ಹೊರತು ಯಾರೂ ಇರಲಿಲ್ಲ. ಮೊದಲು ಮರದ ಗುಡಿಯೊಂದನ್ನು ಕಟ್ಟಿದರು. ತಮಗಾಗಿ ಸಣ್ಣ ಗುಡಿಸಲುಗಳನ್ನು ಮಾಡಿಕೊಂಡರು. ನೆಲವೆಲ್ಲಾ ಕಲ್ಲಾಗಿದ್ದದರಿಂದ ಒಂದು ಗುಡಿಸಲಿನಷ್ಟು ಜಾಗವನ್ನು ಸಮಮಾಡುವದಕ್ಕೂ ಬಹಳ ಕಷ್ಟಪಟ್ಟರು. ಬೇಕಾದ ಹತ್ಯಾರುಗಳನ್ನು ಒಪಿಜಾದವರು ಕೊಟ್ಟರೆಂದು ಹೇಳಲಾಗಿದೆ. ಕಲ್ಲಿನ ದೇವಾಲಯವಾದದ್ದು ಗಬ್ರಿಯೇಲ್ ದಪಂಚುಲಿ ಎಂಬ ಒಬ್ಬ ಶ್ರೀಮಂತನ ಸಹಾಯದಿಂದ, ಅನಂತರದ ದಿನಗಳಲ್ಲಿ.

ಈ ಸಂಗತಿಗಳೆಲ್ಲಾ ಗಿಯೋರ್ಗಿ ಮೆರ್ಚುಲೆ ಎಂಬ ಸನ್ಯಾಸಿಯು 951ರಲ್ಲಿ, ಅಂದರೆ ಗ್ರಿಗೋರಿ ಸತ್ತು 90 ವರುಷಗಳಾದ ಮೇಲೆ, ಬರೆದ ಚರಿತ್ರೆಯಲ್ಲಿವೆ. ಅದರಲ್ಲಿ ಅದ್ಭುತಗಳ ಕಥೆಗಳೂ ಬಹಳವುಂಟು. ಅವುಗಳನ್ನೆಲ್ಲಾ ನಾವು ನಂಬಬೇಕಾದ ಕಟ್ಟಿಲ್ಲ. ಆದರೆ ಮಠದ ದಿನಚರಿಯನ್ನು ಕುರಿತು ಆತನು ಬರೆದದ್ದು ಕಣ್ಣಿಗೆ ಕಟ್ಟಿದಂತಿದೆ. ಒಬ್ಬೊಬ್ಬನ ಕೋಣೆಯಲ್ಲಿ ಒಂದು ಸಣ್ಣ ಹಾಸಿಗೆ, ನೀರಿಗಾಗಿ ಒಂದು ಹೂಜಿ, ಅಷ್ಟೇ. ಹೊಗೆ ಹೋಗುವದಕ್ಕೆ ಗೂಡೇ ಇಲ್ಲ, ಯಾಕಂದರೆ ಕೋಣೆಯಲ್ಲಿ ಬೆಂಕಿಯನ್ನು ಹೊತ್ತಿಸುವದಿಲ್ಲ. ರಾತ್ರಿಯಲ್ಲಿ ದೀಪವಿಲ್ಲ. ಕತ್ತಲೆಯಲ್ಲಿ ಕೀರ್ತನೆಗಳನ್ನು ಹಾಡುವರು. ಬೆಳಕು ಹರಿದ ಮೇಲೆ ಓದುವರು. ದೀಪವಿಲ್ಲದೆ ಹಾಡುವದೆಂದರೆ ಕೀರ್ತನೆಗಳು ಬಾಯಿಪಾಠವಾಗಿರಬೇಕು ಎಂಬದನ್ನು ವಾಚಕರು ಗಮನಿಸಲಿ.

ಇಲ್ಲಿ ನಮ್ಮ ಸಭೆಯವರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರು. ಮಠವೆಂದರೇನು? ಸನ್ಯಾಸವೆಂದರೇನು? ವಿವಾಹವು ಮಾನವಾದದ್ದೆಂದು ಇಬ್ರಿಯರಿಗೆ ಬರೆದ ಪತ್ರವು ಹೇಳುತ್ತದಲ್ಲವೇ? ಲೂಥರನು ತಾನೇ ಮಠದಿಂದ ಹೊರಗೆ ಬಂದವನಲ್ಲವೇ? ಈ ಆಕ್ಷೇಪಣೆಯು ನ್ಯಾಯವಾದದ್ದು. ಅದನ್ನು ನಾವು ಮೃದುಮಾಡುವದಿಲ್ಲ. ಬೆಂಕಿಯಿಲ್ಲದ ಕೋಣೆಯಲ್ಲಿ ನಡುಗುವದರಿಂದ ಯಾರೂ ದೇವರ ಮುಂದೆ ನೀತಿವಂತರಾಗುವದಿಲ್ಲ, ನಂಬಿಕೆಯಿಂದಲೇ ಆಗುತ್ತಾರೆ. ಹೆಂಡತಿ ಮಕ್ಕಳನ್ನು ಸಾಕುತ್ತಾ ಹೊಲ ಉಳುವ ಕ್ರೈಸ್ತನಿಗಿಂತ ಸನ್ಯಾಸಿಯು ಒಂದು ಮೆಟ್ಟಲೂ ಮೇಲಿನವನಲ್ಲ. ಆದರೂ ಮರವನ್ನು ಅದರ ಫಲದಿಂದ ತಿಳಿಯಬೇಕೆಂದು ನಮ್ಮ ಕರ್ತನು ಹೇಳಿದ್ದಾನಷ್ಟೆ. ಆದಕಾರಣ ಈ ಮರದ ಫಲವೇನೆಂದು ನೋಡದೆ ತೀರ್ಪು ಕೊಡುವದು ಸರಿಯಲ್ಲ.

ಇದಕ್ಕೆ ಮೊದಲು ಒಂದು ಘಟನೆಯನ್ನು ಹೇಳಬೇಕು. ಲೋಕವನ್ನು ಬಿಟ್ಟು ಓಡಿಹೋದವರು ಲೋಕದ ಪಾಪವನ್ನು ಕಂಡೂ ಕಾಣದಂತಿರುವರೆಂಬ ಅಪವಾದಕ್ಕೆ ಅದು ಉತ್ತರವಾಗಿದೆ. ಆ ಕಾಲದಲ್ಲಿ ಬಗ್ರಾತಿ ವಂಶದ ಅಷೋತನೆಂಬ ಅರಸನು ತಿಬಿಲಿಸಿ ಪಟ್ಟಣವನ್ನು ಬಿಟ್ಟು ಕ್ಲಾರ್ಜೇತಿಗೆ ಬಂದು, ಹಾಳಾಗಿದ್ದ ಅರ್ತಾನುಜಿ ಕೋಟೆಯನ್ನು ತಿರಿಗಿ ಕಟ್ಟಿಸಿ ಅಲ್ಲಿ ವಾಸಿಸುತ್ತಿದ್ದನು. ಮಠಗಳಿಗೆ ಆತನು ಉಪಕಾರಿಯಾಗಿದ್ದನು, ಭೂಮಿಯನ್ನೂ ಕೊಟ್ಟನು. ಆದರೆ ಆತನು ತನ್ನ ಪತ್ನಿಯಿರುವಾಗಲೇ ಬೇರೊಬ್ಬ ಸ್ತ್ರೀಯನ್ನು ಕೋಟೆಯೊಳಗೆ ಇಟ್ಟುಕೊಂಡನು. ಇದನ್ನು ಕೇಳಿ ಗ್ರಿಗೋರಿಯು ಅರಸನ ಮುಖದ ಮುಂದೆಯೇ ಅವನನ್ನು ಗದರಿಸಿದನು. ಅರಸನು ಆಕೆಯನ್ನು ಕಳುಹಿಸಿಬಿಡುವೆನೆಂದು ಮಾತು ಕೊಟ್ಟನು, ನಡಿಸಲಾರದೆ ಹೋದನು. ಆಗ ಗ್ರಿಗೋರಿಯು ಅರಸನಿಲ್ಲದ ವೇಳೆಯಲ್ಲಿ ಕೋಟೆಗೆ ಬಂದು, ಆ ಸ್ತ್ರೀಯೊಡನೆ ಮಾತಾಡಿ, ಆಕೆಯನ್ನು ಮೆರೆ ಎಂಬಲ್ಲಿದ್ದ ಸ್ತ್ರೀಯರ ಮಠಕ್ಕೆ ಕರಕೊಂಡು ಹೋಗಿ ಫೆಬ್ರೋನಿಯ ಎಂಬ ತಾಯಿಯ ವಶಕ್ಕೆ ಒಪ್ಪಿಸಿದನು. ಅಷೋತನು ಹಿಂದಿರುಗಿ ಬಂದು ಮೆರೆಗೆ ಹೋದನು. ಖಜಾನೆಯು ಆಕೆಯ ಕೈಯಲ್ಲಿತ್ತು, ಲೆಕ್ಕ ಒಪ್ಪಿಸುವದಕ್ಕಾಗಿ ಬರಬೇಕು ಎಂದು ನೆವ ಹೇಳಿದನು. ಫೆಬ್ರೋನಿಯಳು ಅರಸನೆಂದು ಅಂಜದೆ ಅವನ ಪಾಪವನ್ನು ಅವನಿಗೆ ಎತ್ತಿ ತೋರಿಸಿದಳು. ಅಷೋತನು ಬಹಳ ಹೊತ್ತು ಮಾತಿಲ್ಲದೆ ಕೂತಿದ್ದು, ಬದುಕಿಲ್ಲದವನೇ ಧನ್ಯನೆಂದು ನಿಟ್ಟುಸಿರಿಟ್ಟು ಎದ್ದು ಹೋದನಂತೆ.

ದಾವೀದನ ಮುಂದೆ ನಾತಾನನೂ ಹೆರೋದನ ಮುಂದೆ ಸ್ನಾನಿಕನಾದ ಯೋಹಾನನೂ ನಿಂತದ್ದನ್ನು ನಾವು ಬಲ್ಲೆವು. ಇಲ್ಲಿ ನಿಂತವಳು ಒಬ್ಬ ಹೆಂಗಸು. ಅವಳ ಮಠಕ್ಕೆ ಅನ್ನವೂ ಭೂಮಿಯೂ ಬರತಕ್ಕದ್ದು ಆ ಅರಸನ ದಯೆಯಿಂದ. ಸಭೆಗೆ ಹಣ ಕೊಡುವ ದೊಡ್ಡ ಮನುಷ್ಯನ ತಪ್ಪನ್ನು ಕಂಡೂ ಸುಮ್ಮನಿರುವ ಸಭಾಹಿರಿಯರು ನಮ್ಮಲ್ಲಿ ಇಲ್ಲವೆಂದು ಹೇಳಲು ಈ ಲೇಖಕನಿಗೆ ಧೈರ್ಯವಿಲ್ಲ.

ಗ್ರಿಗೋರಿಗೆ ವಿರೋಧವು ಸಭೆಯೊಳಗಿಂದಲೂ ಬಂತು. ಅನ್ಯಾಯವಾಗಿ ಬಿಷಪನ ಪೀಠವನ್ನು ಹಿಡಿದ ತ್ಸ್‌ಕಿರಿ ಎಂಬವನು ಅವನನ್ನು ಕೊಲ್ಲಿಸಲು ಆಳನ್ನು ನೇಮಿಸಿದನೆಂದು ಚರಿತ್ರೆ ಹೇಳುತ್ತದೆ. ಅದು ಸಾಗಲಿಲ್ಲ. ಗ್ರಿಗೋರಿಯು 861ರಲ್ಲಿ, 102 ವರುಷದ ಮುದುಕನಾಗಿ ತೀರಿಕೊಂಡನು. ಆತನೂ ಆತನ ಶಿಷ್ಯರೂ ಒಂದಾದ ಮೇಲೊಂದಾಗಿ ಸ್ಥಾಪಿಸಿದ ಮಠಗಳನ್ನೂ ಮೊದಲೇ ಇದ್ದವುಗಳನ್ನೂ ಒಟ್ಟುಗೂಡಿಸಿ ಜನರು ಕ್ಲಾರ್ಜೇತಿಯ ಹನ್ನೆರಡು ಅರಣ್ಯಗಳೆಂದು ಕರೆದರು.

ಈಗ ಫಲದ ಮಾತಿಗೆ ಬರೋಣ. ಮೆರ್ಚುಲೆಯು ತನ್ನ ಪುಸ್ತಕದಲ್ಲಿ ಒಂದು ಕಡೆ ತನ್ನ ದೇಶವು ಯಾವದೆಂದು ಹೇಳುತ್ತಾನೆ. ಇಂಥ ನದಿಯಿಂದ ಇಂಥ ಬೆಟ್ಟದ ವರೆಗೆ ಎಂದು ಎಲ್ಲೆ ಹಾಕುವದಿಲ್ಲ. ಇಂಥ ಅರಸನ ಸೀಮೆ ಎಂದೂ ಹೇಳುವದಿಲ್ಲ. ಎಲ್ಲೆಲ್ಲಿ ಜಾರ್ಜಿಯ ಭಾಷೆಯಲ್ಲಿ ದೇವಾರಾಧನೆಯೂ ಪ್ರಾರ್ಥನೆಯೂ ನಡೆಯುತ್ತವೋ ಅದೆಲ್ಲಾ ನಮ್ಮ ದೇಶವೆಂದು ಅವನ ತಾತ್ಪರ್ಯ. ಕರ್ತನೇ ಕರುಣಿಸು ಎಂಬ ಒಂದು ಮೊರೆಯನ್ನು ಮಾತ್ರ ಅವರು ಗ್ರೀಕ್ ಭಾಷೆಯಲ್ಲಿ ಹೇಳುತ್ತಿದ್ದರು. ಅದೇ ಕಾಲದಲ್ಲಿ ಪಶ್ಚಿಮ ದೇಶಗಳ ಬಹುಪಾಲು ಸಭೆಗಳಲ್ಲಿ ಆರಾಧನೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದು, ಹೊಲ ಉಳುವವನಿಗೆ ಅರ್ಥವಾಗುತ್ತಿರಲಿಲ್ಲ ಎಂಬದನ್ನು ನೆನಸಿದರೆ ಇದರ ಬೆಲೆ ತಿಳಿಯುತ್ತದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು 19ನೆಯ ಶತಮಾನದ ಮೊದಲಲ್ಲಿ ಸತ್ಯವೇದವನ್ನು ಕನ್ನಡಕ್ಕೆ ತರಲು ಕೂತದ್ದರಿಂದಲ್ಲವೇ ನಾವು ನಮ್ಮ ತಾಯಿಯ ಮಾತಿನಲ್ಲಿ ಕೀರ್ತನೆಯನ್ನು ಹೇಳಿಕೊಳ್ಳುತ್ತೇವೆ?

ಸ್ವಭಾಷೆಯಲ್ಲಿ ಆರಾಧನೆ ನಡೆಯಬೇಕಾದರೆ ಸ್ವಭಾಷೆಯ ಪುಸ್ತಕವಿರಬೇಕು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪುಸ್ತಕವೆಂದರೆ ಕೈಬರಹ. ನಮ್ಮ ನಾಡಿನಲ್ಲಿ ಹಿರಿಯರು ಓಲೆಗರಿಯ ಮೇಲೆ ಕಂಠದಿಂದ ಕೊರೆದರು. ಆ ಬೆಟ್ಟಗಳಲ್ಲಿ ಓಲೆಯ ಮರವಿಲ್ಲ. ಕುರಿ, ಆಡು, ಕರುಗಳ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲನ್ನು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿ, ನುಣುಪು ಮಾಡಿ, ಅನಂತರ ಗೆರೆ ಎಳೆದು ಬರೆಯಬೇಕು. ಗ್ರಿಗೋರಿಯು ಶಾತ್‌ಬೆರ್ದಿ ಎಂಬ ಮಠವನ್ನು ಅಷೋತನ ಮಗನಾದ ಬಗ್ರಾತನ ಕಾಲದಲ್ಲಿ ಸ್ಥಾಪಿಸಿದ್ದನು. ಆ ಮಠದಲ್ಲಿ 897ರಲ್ಲಿ ನಾಲ್ಕು ಸುವಾರ್ತೆಗಳ ಒಂದು ಪುಸ್ತಕವು ಬರೆಯಲ್ಪಟ್ಟಿತು. ಅದರಲ್ಲಿ 400ಕ್ಕೆ ಸ್ವಲ್ಪ ಕಡಿಮೆ ಎಲೆಗಳಿವೆ. ಒಂದು ಚರ್ಮದಿಂದ ನಾಲ್ಕು ಎಲೆ ಸಿಕ್ಕುವದೆಂದು ಎಣಿಸಿದರೂ ಸುಮಾರು ನೂರು ಪ್ರಾಣಿಗಳ ಚರ್ಮವಾಯಿತು. ಒಂದು ಹಳ್ಳಿಯ ಹಿಂಡೇ ಒಂದು ಪುಸ್ತಕವಾಯಿತೆನ್ನಬಹುದು. ನಮ್ಮ ಕೈಗೆ ಮಾರ್ಕನ ಸುವಾರ್ತೆಯು ಒಂದು ಊಟದ ಬೆಲೆಗಿಂತ ಕಡಿಮೆಗೆ ಬರುತ್ತದೆ; ಅದನ್ನು ಮಳೆಯಲ್ಲಿ ನೆನೆಯಬಿಡುವವರೂ ಇದ್ದಾರೆ.

ಅದೇ ಮಠದಲ್ಲಿ 936ರಲ್ಲಿಯೂ 973ರಲ್ಲಿಯೂ ನಾಲ್ಕು ಸುವಾರ್ತೆಗಳ ಬೇರೆ ಪ್ರತಿಗಳು ಬರೆಯಲ್ಪಟ್ಟವು. ಒಪಿಜಾದ ಹೆಸರುಳ್ಳ ಇನ್ನೊಂದು ಪ್ರತಿಯು 913ನೆಯ ಇಸವಿಯದು. ಓಷ್ಕಿ ಎಂಬ ಮಠದಲ್ಲಿ 978ರಲ್ಲಿ ಬರೆಯಲ್ಪಟ್ಟ ಸತ್ಯವೇದದ ಪುಸ್ತಕವು ಗ್ರೀಸ್ ದೇಶದ ಅಥೋಸ್ ಬೆಟ್ಟದ ಜಾರ್ಜಿಯ ಮಠಕ್ಕೆ ಸೇರಿತು. ಸಭೆಯ ಹಳೇ ಬೋಧಕರ ಗ್ರಂಥಗಳನ್ನೂ ಇವರು ಬಿಡಲಿಲ್ಲ. ರೋಮಾಪುರದ ಹಿಪ್ಪೊಲಿತನು ಪರಮಗೀತದ ಮೇಲೆ ಬರೆದ ವ್ಯಾಖ್ಯಾನವು ಗ್ರೀಕ್ ಭಾಷೆಯಲ್ಲಿ ಪೂರ್ಣವಾಗಿ ಉಳಿಯಲಿಲ್ಲ. ಶಾತ್‌ಬೆರ್ದಿಯಲ್ಲಿ ಬರೆದಿಟ್ಟ ಜಾರ್ಜಿಯ ಭಾಷಾಂತರದಲ್ಲಿ ಉಳಿದಿದೆ. ದೊಡ್ಡ ಪಟ್ಟಣಗಳು ಕಳಕೊಂಡದ್ದನ್ನು ಬೆಟ್ಟದ ಮೂಲೆಯು ಇಟ್ಟುಕೊಂಡಿತು.

ಈ ಪಾಠದಲ್ಲಿ ಕಷ್ಟವಾದ ಭಾಗವು ಇನ್ನು ಮುಂದಿದೆ. ಅದನ್ನು ಮುಚ್ಚಿಡುವದಕ್ಕಿಂತ ತೆರೆದು ಹೇಳುವದೇ ಒಳ್ಳೇದು. 897ರ ಆ ಪುಸ್ತಕದಲ್ಲಿ ಮಾರ್ಕನ ಸುವಾರ್ತೆಯು 16ನೆಯ ಅಧ್ಯಾಯದ 8ನೆಯ ವಚನದಲ್ಲಿ ಮುಗಿಯುತ್ತದೆ. ಸ್ತ್ರೀಯರು ಹೆದರಿ ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ, ಅಲ್ಲಿಗೆ ನಿಂತಿತು. ನಮ್ಮ ಪುಸ್ತಕದಲ್ಲಿರುವ 9ರಿಂದ 20ರ ವರೆಗಿನ ವಚನಗಳು ಅದರಲ್ಲಿಲ್ಲ. 913ರ ಪ್ರತಿಯಲ್ಲಿಯೂ ಇಲ್ಲ. ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದಲ್ಲಿ ಹಿಡಿಯಲ್ಪಟ್ಟ ಸ್ತ್ರೀಯ ವೃತ್ತಾಂತವೂ (7:53–8:11) ಹಳೇ ಜಾರ್ಜಿಯ ಪ್ರತಿಗಳಲ್ಲಿಲ್ಲ. ಅಥೋಸ್ ಬೆಟ್ಟದ ಸನ್ಯಾಸಿಗಳು 11ನೆಯ ಶತಮಾನದಲ್ಲಿ ಗ್ರೀಕ್ ಪ್ರತಿಗಳಿಗೆ ಹೋಲಿಸಿ ತಿದ್ದಿದ ಪಾಠದಲ್ಲಿ ಸೇರಿತು.

ಇದನ್ನು ಕೇಳಿ ಯಾರಾದರೂ ಕಳವಳಪಡಬಾರದು. ನಾಲ್ಕನೆಯ ಶತಮಾನದ ಎರಡು ಮಹಾ ಗ್ರೀಕ್ ಪ್ರತಿಗಳು, ಅಂದರೆ ಸೀನಾಯಿ ಬೆಟ್ಟದ ಮಠದಲ್ಲಿ ದೊರೆತದ್ದೂ ರೋಮಾಪುರದ ವತಿಕಾನಿನಲ್ಲಿರುವದೂ, ಅದೇ 8ನೆಯ ವಚನದಲ್ಲಿಯೇ ಮುಗಿಯುತ್ತವೆ. ಒಂದು ಊರಿನಿಂದ ಇನ್ನೊಂದು ಊರು ಅಷ್ಟು ದೂರವಿದ್ದರೂ ಮೂರು ಸಾಕ್ಷಿಗಳು ಒಂದೇ ಮಾತನ್ನು ಹೇಳುತ್ತವೆ. ಆದಕಾರಣ ಈಗ ಅನೇಕ ಭಾಷೆಗಳ ಅಚ್ಚಿನ ಪುಸ್ತಕಗಳಲ್ಲಿ ಆ ಹನ್ನೆರಡು ವಚನಗಳನ್ನು ಕಂಸದೊಳಗೆ ಇಡುತ್ತಾರೆ, ಅಥವಾ ಕೆಳಗೆ ಸೂಚನೆ ಕೊಡುತ್ತಾರೆ. ಕರ್ತನು ಎದ್ದನೆಂಬ ಸಾಕ್ಷಿಯು ಈ ವಚನಗಳ ಮೇಲೆ ಮಾತ್ರ ನಿಂತಿಲ್ಲ: ಎದ್ದಿದ್ದಾನೆಂಬ ದೂತನ ಮಾತು 6ನೆಯ ವಚನದಲ್ಲಿಯೇ ಇದೆ, ಮತ್ತಾಯ, ಲೂಕ, ಯೋಹಾನರು ಅದನ್ನು ವಿಸ್ತಾರವಾಗಿ ಹೇಳುತ್ತಾರೆ, ಪೌಲನು ಅವರಿಗಿಂತ ಮುಂಚೆಯೇ ಕೊರಿಂಥದವರಿಗೆ ಬರೆದಿದ್ದಾನೆ.

ಆ ಲೇಖಕನ ಕೆಲಸವನ್ನು ಯೋಚಿಸಿರಿ. ತನ್ನ ಮುಂದಿದ್ದ ಹಳೇ ಪ್ರತಿಯು ಹೆದರಿಕೆಯಲ್ಲಿಯೇ ಮುಗಿದಿತ್ತು. ಸಂತೋಷದ ಒಂದು ಸಾಲನ್ನು ಕೂಡಿಸಿದ್ದರೆ ಆ ಕಣಿವೆಯಲ್ಲಿ ಕೇಳುವವರು ಯಾರು? ಆತನು ಕೂಡಿಸಲಿಲ್ಲ. ದೊರೆತಷ್ಟನ್ನು ಬರೆದು ಲೇಖನಿಯನ್ನು ಕೆಳಗಿಟ್ಟನು. ಸಾವಿರ ವರುಷಗಳಾದ ಮೇಲೆ ಪಂಡಿತರು ಆ ಪುಸ್ತಕವನ್ನು ತೆರೆದು ಸಾಕ್ಷಿ ಕೇಳುವದು ಈ ಕಾರಣದಿಂದಲೇ. ಸನ್ಯಾಸದ ವಿಷಯದಲ್ಲಿ ನಮಗೆ ಅವನೊಡನೆ ಒಡಂಬಡಿಕೆಯಿಲ್ಲ. ದೇವರ ವಾಕ್ಯಕ್ಕೆ ಕೂಡಿಸದೆ, ಅದರಿಂದ ತೆಗೆಯದೆ ಒಪ್ಪಿಸುವ ವಿಷಯದಲ್ಲಿ ಅವನು ನಮ್ಮ ಗುರುವಾಗಬಲ್ಲನು.

ತಾವೋ ಸೀಮೆಯ ದೊಡ್ಡ ದೇವಾಲಯಗಳನ್ನು ಕುರಿತು ಹೆಚ್ಚು ಹೇಳುವದಿಲ್ಲ. ಓಷ್ಕಿಯ ದೇವಾಲಯವನ್ನು 963ರಿಂದ 973ರ ವರೆಗೆ ಕಟ್ಟಿದರು. ಅದರ ಒಂದು ಶಿಲಾಲೇಖದಲ್ಲಿ ಕಟ್ಟಿಸಿದ ಅರಸುಮಕ್ಕಳ ಹೊಗಳಿಕೆ ಮಾತ್ರವಲ್ಲದೆ, ಕೆಲಸದವರ ಲೆಕ್ಕ, ಕಲ್ಲು ಎಳೆದ ಎತ್ತುಗಳ ಲೆಕ್ಕ, ಖರ್ಚಾದ ಧಾನ್ಯ ಕಬ್ಬಿಣಗಳ ಲೆಕ್ಕವೂ ಕೆತ್ತಲ್ಪಟ್ಟಿದೆ. ಸಭೆಯ ಲೆಕ್ಕವನ್ನು ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆದಿಡುವದು ಒಳ್ಳೇ ಪದ್ಧತಿ!

16ನೆಯ ಶತಮಾನದಲ್ಲಿ ಈ ಬೆಟ್ಟಗಳು ತುರ್ಕಿಯ ಸುಲ್ತಾನರ ವಶವಾದವು. ಜನರು ಕ್ರಮೇಣ ಇಸ್ಲಾಂ ಮತಕ್ಕೆ ಸೇರಿದರು, ಕೆಲವರು ಬೇರೆ ಕಡೆ ಹೋದರು, ಮಠಗಳು ಬರಿದಾದವು. ಪಾರ್ಖಲಿಯ ದೇವಾಲಯವು ಮಸೀದಿಯಾಗಿ ಉಪಯೋಗಿಸಲ್ಪಟ್ಟದ್ದರಿಂದಲೇ ಅದರ ಗೋಡೆ ಛಾವಣಿಗಳು ಉಳಿದವು ಎಂಬದನ್ನು ಕೃತಜ್ಞತೆಯಿಂದ ಹೇಳತಕ್ಕದ್ದು. ಬೇರೆ ಕಟ್ಟಡಗಳು ಕುಸಿದವು. ಗ್ರಿಗೋರಿಯ ಹೆಸರೂ ಬಹುಮಟ್ಟಿಗೆ ಮರೆತುಹೋಗಿತ್ತು. ಮೆರ್ಚುಲೆಯ ಪುಸ್ತಕದ ಒಂದು ಪ್ರತಿಯು ಯೆರೂಸಲೇಮಿನ ಗ್ರೀಕ್ ಸಭೆಯ ಪುಸ್ತಕಶಾಲೆಯಲ್ಲಿತ್ತು. ನಿಕೊಲಾಯ್ ಮಾರ್ ಎಂಬ ಪಂಡಿತನು 1902ರಲ್ಲಿ ಅದನ್ನು ನಕಲು ಮಾಡಿಕೊಂಡು, 1904ರಲ್ಲಿ ತಾನೇ ಕ್ಲಾರ್ಜೇತಿಯ ಕಣಿವೆಗಳಲ್ಲಿ ತಿರುಗಾಡಿ ನೋಡಿ, 1911ರಲ್ಲಿ ಅಚ್ಚು ಹಾಕಿಸಿದನು.

897ರ ಸುವಾರ್ತೆಯ ಪುಸ್ತಕವೇನಾಯಿತು? ಅದು ಹುಟ್ಟಿದ ಕಣಿವೆಯನ್ನು ಬಿಟ್ಟು, ಕೈಯಿಂದ ಕೈಗೆ ದಾಟುತ್ತಾ, ಕೊನೆಗೆ ಕಾಕಸಸ್ ಪರ್ವತಗಳ ಸ್ವಾನೇತಿ ಸೀಮೆಗೆ ಸೇರಿತು. ಅಲ್ಲಿ ಸುಮಾರು 2,000 ಮೀಟರ್ ಎತ್ತರದಲ್ಲಿ ಅದಿಷಿ ಎಂಬ ಸಣ್ಣ ಹಳ್ಳಿಯಿದೆ. ಹಳ್ಳಿಯವರ ಮನೆಮಾತು ಸ್ವಾನ್; ಅದು ಜಾರ್ಜಿಯ ಭಾಷೆಗೆ ಹತ್ತಿರದ್ದಾದರೂ ಬೇರೆಯಾದದ್ದು. ಆದರೂ ಆ ಹಳ್ಳಿಯ ಸಭೆಯು ಪುಸ್ತಕವನ್ನು ಕಾಪಾಡಿತು. ಆದದರಿಂದ ಪಂಡಿತರು ಅದಕ್ಕೆ ಬರೆದ ಮಠದ ಹೆಸರನ್ನಲ್ಲ, ಕಾಪಾಡಿದ ಹಳ್ಳಿಯ ಹೆಸರನ್ನೇ ಇಟ್ಟು ಅದಿಷಿಯ ಸುವಾರ್ತೆ ಎಂದು ಕರೆಯುತ್ತಾರೆ. ಎಕ್ವ್‌ತಿಮೆ ತಾಕಾಯಿಷ್‌ವಿಲಿ ಎಂಬ ವಿದ್ವಾಂಸನು ಅದರ ಎಲೆಗಳ ಪಟಗಳನ್ನು 1916ರಲ್ಲಿ ಪ್ರಕಟಿಸಿದನು. ಮೂಲ ಪುಸ್ತಕವು ಅದೇ ಸ್ವಾನೇತಿಯ ಮೆಸ್ತಿಯಾ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಮನೆಕೂಟಗಳಲ್ಲಿ ಈ ಪಾಠವನ್ನು ತೆಗೆದುಕೊಳ್ಳುವ ಉಪದೇಶಿಗಳು, ಮಾರ್ಕನ 16ನೆಯ ಅಧ್ಯಾಯವನ್ನು ಒಬ್ಬರ ಕೈಯಿಂದ ಗಟ್ಟಿಯಾಗಿ ಓದಿಸಿ, 8ನೆಯ ವಚನಕ್ಕೆ ನಿಲ್ಲಿಸಲಿ. ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿರಿ. ಯಾರಿಗೂ ಏನೂ ಹೇಳದೆ ಹೋದ ಆ ಸ್ತ್ರೀಯರ ಸುದ್ದಿಯು ಹಾಗಾದರೆ ನಮಗೆ ಹೇಗೆ ಮುಟ್ಟಿತೆಂದು ಕೂಟದಲ್ಲಿದ್ದವರನ್ನು ಕೇಳಿ, ಅವರ ಉತ್ತರಗಳನ್ನು ಕೇಳಿದ ನಂತರ 1 ಕೊರಿಂಥ 15:3–8ನ್ನು ಓದಿಸಲಿ.